ಪುಕ್ಕಲು ಕೋಳಿಗೆ ಕೈ ಹಾಕುವ ಮುನ್ನ

ಪ್ರಶ್ನೆ: ನಮ್ಮಲ್ಲಿ ಐದು ತಿಂಗಳ ಹನ್ನೆರಡು ಬಿಳಿ ಲೆಗ್‌ಹಾರ್ನ್ ಕೋಳಿಗಳಿವೆ. ನೀರು ಇಡಲು ಒಳಗೆ ಕಾಲಿಟ್ಟರೂ ಸಾಕು, ಗೂಡಿನ ತುಂಬ ಹಾರಾಡಿ ಒಂದೇ ಮೂಲೆಗೆ ನುಗ್ಗುತ್ತವೆ. ಇವು ಯಾವತ್ತಾದರೂ ಸಾಧು ಆಗುತ್ತವೆಯೇ?

ಉತ್ತರ: ಮಡಿಲೇರಿ ಕೂರುವಷ್ಟು ಆಗುವುದು ಅಪರೂಪ, ಆ ಆಸೆ ಇಟ್ಟುಕೊಳ್ಳಬೇಡಿ. ಲೆಗ್‌ಹಾರ್ನ್, ಮಿನೋರ್ಕಾ, ಅಂಕೋನಾ ಇವೆಲ್ಲ ಹಗುರ ಮೈಯ ಚುರುಕು ತಳಿಗಳು. ಈಜಿಪ್ಟಿನ ಫಯೂಮಿ ಇವಕ್ಕಿಂತ ಒಂದು ಕೈ ಮೇಲು. ಬ್ರಹ್ಮಾ, ಕೊಚಿನ್, ಆರ್ಪಿಂಗ್ಟನ್‌ಗಳಂಥ ಭಾರದ ತಳಿಗಳ ಗುಣವೇ ಬೇರೆ, ಅವುಗಳ ಜೊತೆ ಹೋಲಿಸಿ ಬೇಸರಪಡುವುದು ವ್ಯರ್ಥ. ಆದರೆ ನಿಮ್ಮನ್ನು ಕಂಡು ಗೋಡೆಗೆ ಬಡಿದುಕೊಳ್ಳುವುದನ್ನು ಖಂಡಿತ ತಪ್ಪಿಸಬಹುದು.

ಕೋಳಿಯ ಕಣ್ಣು ತಲೆಯ ಎರಡು ಪಕ್ಕಕ್ಕಿದೆ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಮೇಲಿನಿಂದ ಇಳಿಯುವ ನೆರಳೆಂದರೆ ಅದಕ್ಕೆ ಗಿಡುಗನೇ. ನೀವು ಬಗ್ಗಿ ಕೈ ಚಾಚಿದಾಗ ಅದಕ್ಕೆ ಕಾಣುವುದೂ ಅದೇ. ಹಾಗಾಗಿ ಒಳಗೆ ಹೋಗುವ ಮೊದಲು ದಿನವೂ ಒಂದೇ ಬಗೆಯ ಸದ್ದು ಮಾಡಿ, ಬಾಗಿಲು ಎರಡು ಸಲ ತಟ್ಟಿದರೂ ಆಯಿತು. ನೇರ ಕೋಳಿಯತ್ತ ನಡೆಯದೆ ಓರೆಯಾಗಿ ನಡೆದು, ಕುಕ್ಕರಗಾಲಲ್ಲಿ ಕುಳಿತುಬಿಡಿ. ನೆನೆಸಿದ ಕಾಳನ್ನು ಮೊದಲು ಎರಡು ಮೀಟರ್ ದೂರಕ್ಕೆ ಎಸೆಯಿರಿ. ಅದನ್ನು ನಿರಾಳವಾಗಿ ತಿನ್ನತೊಡಗಿದ ಮೇಲಷ್ಟೇ ಒಂದು ಗೇಣು ಹತ್ತಿರಕ್ಕೆ ತನ್ನಿ. ದಿನಕ್ಕೆರಡು ಸಲ, ಹತ್ತು ನಿಮಿಷ ಸಾಕು. ಕೆಲವು ವಾರ ಹಿಡಿಯುತ್ತದೆ. ಈ ನಡುವೆ ಒಂದೇ ಒಂದು ದಿನ ಅಟ್ಟಾಡಿಸಿ ಹಿಡಿದರೆ ಮತ್ತೆ ಮೊದಲಿನಿಂದ ಶುರು.

ಮೂಲೆಗೆ ನುಗ್ಗುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದರ ಮೇಲೊಂದು ಬಿದ್ದರೆ ಅಡಿಯಲ್ಲಿರುವವು ಉಸಿರುಕಟ್ಟಿ ಸಾಯುತ್ತವೆ. ಪ್ರತಿ ಮೂಲೆಗೂ ಹಲಗೆಯನ್ನೋ ಜಾಲರಿಯನ್ನೋ ಓರೆಯಾಗಿ ಬಡಿದು ಚೂಪು ತೆಗೆಯಿರಿ. ಕೂರುವ ಕೋಲಿನ ಮೇಲೆ ಕೋಳಿಗೆ 20 ಸೆಂಟಿಮೀಟರ್‌ನಂತೆ ಜಾಗವಿರಲಿ.

ಪ್ರಶ್ನೆ: ಔಷಧ ಹಚ್ಚಲೆಂದು ಹಿಡಿಯಹೋದರೆ ಬಾಲದ ಪುಕ್ಕವೆಲ್ಲ ಕೈಗೇ ಬಂತು! ಕಾಲು ಹಿಡಿದು ತಲೆಕೆಳಗೆ ಎತ್ತಿದರೆ ಸುಮ್ಮನಾಗುತ್ತದೆ ಎನ್ನುತ್ತಾರೆ. ಸರಿಯೇ?

ಉತ್ತರ: ಸುಮ್ಮನಾಗುವುದು ನಿಜ, ನೆಮ್ಮದಿಯಿಂದಲ್ಲ, ಭಯದಿಂದ. ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ಸ್ನಾಯುಪರದೆ, ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರಷ್ಟೇ ಅದಕ್ಕೆ ಉಸಿರು. ತಲೆಕೆಳಗಾದಾಗ ಒಳಗಿನ ಅಂಗಗಳ ಭಾರ ಉಸಿರಾಟದ ಗಾಳಿಚೀಲಗಳ ಮೇಲೆ ಬೀಳುತ್ತದೆ. ಕೊಸರಾಡಿದರೆ ತೊಡೆಸಂದಿಗೂ ಪೆಟ್ಟು. ನೆಟ್ಟಗೆ ಹಿಡಿದಾಗಲೂ ಎದೆ ಅಮುಕಿದರೆ ಇದೇ ತೊಂದರೆ.

ಪುಕ್ಕ ಕಳಚಿದ್ದಕ್ಕೆ ಚಿಂತೆ ಬೇಡ. ಹೆದರಿದಾಗ ಗರಿಯ ಬುಡ ಸಡಿಲವಾಗುತ್ತದೆ, ಹಿಡಿದವನ ಬಾಯಿಗೆ ಬರೀ ಪುಕ್ಕ ಸಿಕ್ಕಿ ಕೋಳಿ ಪಾರಾಗಲಿ ಎಂದು. ಬುಡಸಮೇತ ಬಂದ ಗರಿ ಕೆಲವು ವಾರಗಳಲ್ಲಿ ಮತ್ತೆ ಹುಟ್ಟುತ್ತದೆ. ನಡುವೆ ಮುರಿದದ್ದು ಮಾತ್ರ ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೇ ಇರುತ್ತದೆ.

ಹಿಡಿಯುವುದು ರಾತ್ರಿ. ಕತ್ತಲಾಗಿ ಒಂದು ಗಂಟೆಯ ನಂತರ ಮಂದ ಬೆಳಕಿನಲ್ಲಿ ಹೋಗಿ. ಕತ್ತಲಲ್ಲಿ ಕೋಳಿಯ ಕಣ್ಣು ಮಂಜು. ಕೋಲಿನ ಮೇಲೆ ಕುಳಿತಿರುವಾಗಲೇ ಎರಡೂ ಅಂಗೈಯಿಂದ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ. ಆಮೇಲೆ ಒಂದು ಅಂಗೈಯನ್ನು ಎದೆಯ ಕೆಳಗೆ ಜಾರಿಸಿ, ತೋರುಬೆರಳು ಎರಡು ಕಾಲುಗಳ ನಡುವೆ ಬರಲಿ, ಹೆಬ್ಬೆರಳೂ ನಡುಬೆರಳೂ ಹೊರಗಿನಿಂದ ಕಾಲನ್ನು ಹಿಡಿಯಲಿ. ಕೋಳಿಯ ಮುಖ ನಿಮ್ಮ ಮೊಣಕೈ ಕಡೆಗಿರಬೇಕು: ತಲೆ ಕಂಕುಳ ಕೆಳಗೆ ಹೋದರೆ ಕಣ್ಣಿಗೆ ಕತ್ತಲಾಗಿ ತಣ್ಣಗಾಗುತ್ತದೆ, ಹಿಕ್ಕೆಯೂ ಅಂಗಿಗೆ ಬೀಳುವುದಿಲ್ಲ! ಬಿಡುವಾಗ ಕಾಲು ನೆಲಕ್ಕೆ ತಾಗಿದ ಮೇಲೆಯೇ ಕೈ ಸಡಿಲಿಸಿ. ಹಗಲಲ್ಲೇ ಹಿಡಿಯಬೇಕಾಗಿ ಬಂದು, ಕೋಳಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅಲ್ಲಿಗೇ ಕೈಬಿಡಿ.

ಪ್ರಶ್ನೆ: ಬೀದಿ ನಾಯಿ ಅಟ್ಟಿಸಿದ ಮರುದಿನ ಗಟ್ಟಿ ಚಿಪ್ಪಿಲ್ಲದ ಎರಡು ತೊಗಲು ಮೊಟ್ಟೆ ಸಿಕ್ಕವು. ಸುಣ್ಣದ ಕೊರತೆಯೇ?

ಉತ್ತರ: ಇರಲಾರದು. ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಗಾಬರಿಯಲ್ಲಿ ಮೊಟ್ಟೆ ಅದಕ್ಕೂ ಮೊದಲೇ ಹೊರಬಿದ್ದಿರಬೇಕು. ವಾರ ಕಳೆದರೂ ನಿಲ್ಲದಿದ್ದರೆ ಆಗ ಆಹಾರ ನೋಡೋಣ.

ಪ್ರಶ್ನೆ: ಬೇಲಿ ಹಾರದಂತೆ ರೆಕ್ಕೆ ಕತ್ತರಿಸಬಹುದೇ?

ಉತ್ತರ: ಒಂದೇ ರೆಕ್ಕೆ ಕತ್ತರಿಸಿ; ಎರಡೂ ಕತ್ತರಿಸಿದರೆ ಸಮತೋಲ ಉಳಿದು ಮತ್ತೆ ಹಾರಿಬಿಡುತ್ತದೆ. ರೆಕ್ಕೆ ಬಿಡಿಸಿ, ತುದಿಯ ಹತ್ತು ಉದ್ದ ಗರಿಗಳನ್ನು ಅರ್ಧಕ್ಕೆ ಕತ್ತರಿಸಿ. ಕಾಂಡ ಕಪ್ಪಗೆ, ತುಂಬಿಕೊಂಡಂತೆ ಕಂಡರೆ ಅದು ರಕ್ತ ಹರಿಯುವ ಹೊಸ ಗರಿ, ಮುಟ್ಟಬೇಡಿ. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು. ಗಿಡುಗದ ಕಾಟ ಇರುವ ಕಡೆ ಇದು ಬೇಡ, ಬದಲಿಗೆ ಮೇಲೆ ಬಲೆ ಕಟ್ಟಿ. ಬೇಲಿಯ ನೆತ್ತಿಗೆ ಅಡ್ಡಪಟ್ಟಿ ಇದ್ದರೆ ತೆಗೆಯಿರಿ, ಕೋಳಿ ಗುರಿಯಿಟ್ಟು ಹಾರುವುದು ಕಾಲೂರಲು ಸಿಗುವ ಆ ಪಟ್ಟಿಗೇ.