ಕಲಬುರಗಿಯಲ್ಲಿ ಮನೆ ಮುಂದಿನ ಬೀದಿದೀಪದ ಕಂಬದಿಂದ ಎಲೆಕ್ಟ್ರಿಕ್ ವಾಹನ ಚಾರ್ಜ್ ಮಾಡಬಹುದೇ?

ಈಗಿರುವ ಕಂಬಗಳಿಂದ ಆಗದು. ಲಂಡನ್ನಿನಲ್ಲಿ ಆಗುತ್ತಿದೆ ಎಂಬುದೇನೋ ನಿಜ. ಅಲ್ಲಿ ಹಳೆಯ ಸೋಡಿಯಂ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದಾಗ ಕೇಬಲ್‌ನಲ್ಲಿ ಉಳಿದ ಸಾಮರ್ಥ್ಯವನ್ನು ಸುಮಾರು 5 ಕಿಲೋವ್ಯಾಟ್‌ವರೆಗಿನ ಚಾರ್ಜಿಂಗ್‌ಗೆ ಬಳಸುತ್ತಾರೆ. ಕೇಬಲ್ ನೆಲದಡಿ ಹೋಗುತ್ತದೆ, ಹಗಲೂ ಅದರಲ್ಲಿ ವಿದ್ಯುತ್ ಇರುತ್ತದೆ.

ನಮ್ಮ ಬ್ರಹ್ಮಪುರದ ಓಣಿಗಳಲ್ಲಿ ತಲೆಯೆತ್ತಿ ನೋಡಿ. ದೀಪ ನೇತಾಡುವುದು ಬಹುತೇಕ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ವಿತರಣಾ ಕಂಬಕ್ಕೇ. ದೀಪಕ್ಕೆಂದೇ ಎಳೆದ ತಂತಿಗೆ ಸಂಜೆ ಒಂದೇ ಸ್ವಿಚ್‌ನಿಂದ ಸಾಲಿಗೆ ಸಾಲೇ ಜೀವ ಬರುತ್ತದೆ. ಬೆಳಿಗ್ಗೆ ಆರಿಸಿದರೆ ಚಾರ್ಜಿಂಗ್ ಕೂಡ ಅಲ್ಲಿಗೇ ಮುಗಿಯಿತು. ನೂರಿನ್ನೂರು ವ್ಯಾಟ್‌ನ ದೀಪಗಳಿಗೆ ಲೆಕ್ಕ ಹಾಕಿ ಎಳೆದ ತಂತಿಗೆ ನಾಲ್ಕು ಕಾರು ತಗುಲಿಸಿದರೆ ಓಣಿಯೇ ಕತ್ತಲಾದೀತು. ಬೇರೆ ಕೇಬಲ್, ಮೀಟರ್, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಬ್ರೇಕರ್, ಸರಿಯಾದ ಅರ್ಥಿಂಗ್ ಎಲ್ಲವೂ ಬೇಕು. ಪಾಲಿಕೆ, ಜೆಸ್ಕಾಂ ಎರಡೂ ಒಪ್ಪಬೇಕು; ತಾಂತ್ರಿಕ ಕೆಲಸಕ್ಕಿಂತ ಅದೇ ದೊಡ್ಡದು ಎನ್ನಿ! ನೀವೇ ಕೊಕ್ಕೆ ಹಾಕಿಕೊಂಡರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಅದು ಕಳ್ಳತನ.

ಸ್ಕೂಟರ್ ಆದರೆ ಮನೆಯ 16 ಆಂಪಿಯರ್ ಸಾಕೆಟ್ಟೇ ಸಾಕು. ಮೇ ತಿಂಗಳ ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಮಾತ್ರ ಚಾರ್ಜಿಗೆ ಹಚ್ಚಬೇಡಿ, ಬ್ಯಾಟರಿ ತಣಿಯಲಿ.