ಏಪ್ರಿಲ್ ಕೊನೆಯಲ್ಲಿ ಗೆಳತಿಯ ಜೊತೆ ಮೈಸೂರಿನಿಂದ ನಾಲ್ಕೈದು ದಿನ ವಿದೇಶಕ್ಕೆ ಹೋಗುವುದಾದರೆ ಎಲ್ಲಿಗೆ ಹೋಗಬಹುದು?

ಶ್ರೀಲಂಕಾದ ಬೆಟ್ಟದ ಸೀಮೆಗೆ ಹೋಗಿ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಒಂದೂವರೆ ಗಂಟೆಯ ಆಸುಪಾಸು. ರಜೆ ಚಿಕ್ಕದಿದ್ದಾಗ ನನಗೆ ಅದೇ ಮುಖ್ಯ ಅನಿಸುತ್ತದೆ. ಮೈಸೂರು ಬಸ್ ನಿಲ್ದಾಣದಿಂದ ಸೀದಾ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸಿಗುತ್ತದೆ.

ಕೊಲಂಬೊದಲ್ಲಿ ತಂಗಬೇಡಿ, ಅಲ್ಲಿ ನಮಗಿಂತ ಹೆಚ್ಚು ಬೆವರು. ಕ್ಯಾಂಡಿ ನೋಡಿಕೊಂಡು ನುವಾರಾ ಎಲಿಯಾಕ್ಕೆ ಹತ್ತಿ. ಸಮುದ್ರಮಟ್ಟದಿಂದ ಸುಮಾರು 1,870 ಮೀಟರ್ ಎತ್ತರ, ಊಟಿಯ ಹಾಗೆ ತಂಪು, ಸುತ್ತ ಚಹಾ ತೋಟ. ಅಲ್ಲಿಂದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ಬೆಳಗಿನ ಜಾವವೇ ಹೊರಡಿ. ಹತ್ತು ಗಂಟೆ ಹೊತ್ತಿಗೆ 'ವರ್ಲ್ಡ್ಸ್ ಎಂಡ್' ಕಮರಿಯನ್ನು ಮೋಡ ಮುಚ್ಚಿಬಿಡುತ್ತದೆ, ಬಿಳಿ ಗೋಡೆ ಬಿಟ್ಟು ಏನೂ ಕಾಣದು. ಸ್ವೆಟರ್ ಮರೆಯಬೇಡಿ.

ತಾರೀಕು ಮಾತ್ರ ಎಚ್ಚರ. ಏಪ್ರಿಲ್ 13-14ರ ಸುಮಾರಿಗೆ ಅವರ ಹೊಸವರ್ಷ. ಆಗ ಅಲ್ಲಿನವರೇ ಬೆಟ್ಟಕ್ಕೆ ಮುಗಿಬೀಳುತ್ತಾರೆ, ರೂಮಿನ ಬಾಡಿಗೆ ಏರುತ್ತದೆ. ಮೇ ನಡುವಿನಿಂದ ನೈಋತ್ಯ ಮಳೆ ಶುರು. ನೀವು ಹೇಳಿದ ಏಪ್ರಿಲ್ ಕೊನೆಯೇ ಸರಿ. ಮಧ್ಯಾಹ್ನದ ಮೇಲೆ ಗುಡುಗುಮಳೆ ಬರಬಹುದು, ಕೊಡೆ ಇರಲಿ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು, ಇಬ್ಬರದ್ದೂ ಈಗಲೇ ತೆಗೆದು ನೋಡಿ. ಪ್ರವೇಶದ ಅನುಮತಿಗೆ ಶ್ರೀಲಂಕಾದ ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ, ದಲ್ಲಾಳಿಗಳು ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ನೇಪಾಳಕ್ಕೆ ಹೋಗಬಹುದು, ವೋಟರ್ ಐಡಿ ಸಾಕು. ದುಬೈ ಅಗ್ಗವಾಗಿ ಸಿಕ್ಕರೂ ಆ ಬಿಸಿಲಿಗೆ ಹೋಗಬೇಡಿ.

ಖರ್ಚಿನ ಮಿತಿಯನ್ನು ಟಿಕೆಟ್ ಬುಕ್ ಮಾಡುವ ಮುಂಚೆಯೇ ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಿ.