ಹೆಚ್ಚು ಬೇಕೋ, ಬೇಗ ಬೇಕೋ?

ಪ್ರಿಯ ಓದುಗರೇ,

ಎರಡು ಕೋರ್, 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಬಳಸುತ್ತೀರಿ. ವಿಡಿಯೊ ಪರಿವರ್ತನೆಗೆ ಇಟ್ಟು ಬರೆಯಲು ಕುಳಿತರೆ ಅಕ್ಷರಗಳು ತಡೆದು ತಡೆದು ಮೂಡುತ್ತವೆ. ಒಂದು ಕೆಲಸಕ್ಕೆ ಸಿಗುವ ಪ್ರೊಸೆಸರ್ ಪಾಲನ್ನು ಹೆಚ್ಚು-ಕಡಿಮೆ ಮಾಡುವ ‘ನೈಸ್’ ಮೌಲ್ಯ ಬದಲಿಸಿ ನೋಡಿದರೂ ತೃಪ್ತಿಯಾಗಲಿಲ್ಲ. ಪತ್ರದ ಕೊನೆಯಲ್ಲಿ ನೀವು ಕೇಳಿರುವುದು ಇದು: “ಇರುವುದೇ ಇಷ್ಟು. ಇದ್ದುದನ್ನೇ ಹಂಚುವುದರಲ್ಲಿ ಹೊಸದೇನು ಬರಲು ಸಾಧ್ಯ?”

ಈ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ. ಹೊಸದು ಬಂದಿದೆ, ಅದೂ ನಿಮ್ಮಂಥ ಯಂತ್ರಕ್ಕೇ ಹೆಚ್ಚು ಉಪಯುಕ್ತವಾದದ್ದು ಎಂಬುದು ನನ್ನ ಉತ್ತರ.

ಪ್ರೊಸೆಸರ್ ಸಮಯ ಯಾವ ಕೆಲಸಕ್ಕೆ ಯಾವಾಗ ಎಂದು ನಿರ್ಧರಿಸುವುದು ಲಿನಕ್ಸಿನ ತಿರುಳಾದ ಕರ್ನಲ್‌ನೊಳಗಿನ ಶೆಡ್ಯೂಲರ್. 2007ರಲ್ಲಿ ಕರ್ನಲ್‌ನ 2.6.23 ಆವೃತ್ತಿಯೊಂದಿಗೆ ಬಂದ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಈವರೆಗೆ ಯಾರಿಗೆ ಕಡಿಮೆ ಸಮಯ ಸಿಕ್ಕಿದೆಯೋ ಅವರನ್ನು ಮೊದಲು ಕರೆಯುತ್ತಿತ್ತು. ನ್ಯಾಯವಾದ ಕ್ರಮವೇ. ಆದರೆ ಅಲ್ಲಿ ಒಂದು ಕೆಲಸ ತನ್ನ ಅಗತ್ಯವನ್ನು ಹೇಳಿಕೊಳ್ಳಲು ಇದ್ದದ್ದು ನೈಸ್ ಮಾತ್ರ, ಮತ್ತು ನೈಸ್ ಬದಲಿಸುವುದು ಪಾಲಿನ ಗಾತ್ರವನ್ನು. ನೀವು ಬರೆಯುವ ತಂತ್ರಾಂಶಕ್ಕೆ ದೊಡ್ಡ ಪಾಲು ಬೇಕಾಗಿಯೇ ಇಲ್ಲ. ಕೀಲಿ ಒತ್ತಿದಾಗ ಒಂದು ಮಿಲಿಸೆಕೆಂಡ್ ಸಿಕ್ಕರೆ ಸಾಕು, ಅದು ಕೂಡಲೇ ಸಿಗಬೇಕು ಅಷ್ಟೆ. ‘ಹೆಚ್ಚು ಕೊಡು’ ಎನ್ನುವುದೂ ‘ಬೇಗ ಕೊಡು’ ಎನ್ನುವುದೂ ಬೇರೆ ಬೇರೆ ಬೇಡಿಕೆಗಳು. ಎರಡನೆಯದನ್ನು ನೇರವಾಗಿ ಹೇಳುವ ದಾರಿ ಸಿಎಫ್‌ಎಸ್‌ನಲ್ಲಿ ಇರಲಿಲ್ಲ.

2023ರ ಅಕ್ಟೋಬರಿನ 6.6 ಆವೃತ್ತಿಯಲ್ಲಿ ಕರ್ನಲ್ ರೂಪಿಸುವವರಲ್ಲಿ ಒಬ್ಬರಾದ ಪೀಟರ್ ಜೈಲ್‌ಸ್ಟ್ರಾ ಆ ಜಾಗಕ್ಕೆ ಇಇವಿಡಿಎಫ್ ಎಂಬ ಕ್ರಮವನ್ನು ತಂದರು. ಅದರ ಮೂಲ 1990ರ ದಶಕದ ಮಧ್ಯಭಾಗದ ಒಂದು ಸಂಶೋಧನೆ. ಅಷ್ಟು ಕಾಲ ಕಪಾಟಿನಲ್ಲಿದ್ದ ವಿಚಾರ ಕೋಟ್ಯಂತರ ಯಂತ್ರಗಳಿಗೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಲೆಕ್ಕ ಹೀಗೆ. ಸಮಾನ ತೂಕದ, ಎಂದರೆ ಸಮಾನ ಪಾಲು ಸಿಗಬೇಕಾದ, ಎರಡು ಕೆಲಸಗಳು ಒಂದೇ ಕೋರಿನಲ್ಲಿವೆ ಎನ್ನಿ. 20 ಮಿಲಿಸೆಕೆಂಡ್ ಕಳೆದಾಗ ತಲಾ 10 ಸಿಗಬೇಕಿತ್ತು. ಒಂದಕ್ಕೆ 13 ಸಿಕ್ಕಿದೆ, ಇನ್ನೊಂದಕ್ಕೆ 7. ಮೊದಲನೆಯದು 3 ಸಾಲ ಮಾಡಿದೆ, ಎರಡನೆಯದಕ್ಕೆ 3 ಬಾಕಿ ಬರಬೇಕಿದೆ. ಸಾಲ ಇರುವಷ್ಟು ಹೊತ್ತು ಮೊದಲನೆಯದನ್ನು ಸರದಿಗೆ ಪರಿಗಣಿಸುವುದೇ ಇಲ್ಲ. ಸಾಲವಿಲ್ಲದವರಲ್ಲಿ ಯಾರ ಗಡುವು ಹತ್ತಿರವಿದೆಯೋ ಅವರಿಗೆ ಪ್ರೊಸೆಸರ್. ಗಡುವು ನಿಂತಿರುವುದು ಕೇಳಿದ ತುಣುಕಿನ, ಎಂದರೆ ಒಂದು ಸರದಿಗೆ ಬೇಕಾದ ಸಮಯದ, ಮೇಲೆ: 1 ಮಿಲಿಸೆಕೆಂಡ್ ಕೇಳಿದವರ ಗಡುವು 10 ಕೇಳಿದವರಿಗಿಂತ ಮುಂಚೆ ಬರುತ್ತದೆ. ಹೀಗೆ ಚಿಕ್ಕದನ್ನು ಕೇಳಿದವರು ಬೇಗ ಪಡೆಯುತ್ತಾರೆ, ಆದರೆ ಒಟ್ಟು ಪಾಲಿಗಿಂತ ಹೆಚ್ಚು ಪಡೆಯುವುದಿಲ್ಲ.

2024ರ ನವೆಂಬರಿನಲ್ಲಿ ಬಂದ 6.12ರಿಂದ ತಂತ್ರಾಂಶಗಳು ತಮಗೆ ಬೇಕಾದ ತುಣುಕಿನ ಗಾತ್ರವನ್ನು ತಾವೇ ಸೂಚಿಸಬಹುದು. ಸಾಲ ಮಾಡಿದ ಕೆಲಸವೊಂದು ಅರೆಗಳಿಗೆ ಮಲಗಿ (ಪ್ರೊಸೆಸರ್ ಕೇಳದೆ ಸುಮ್ಮನಿದ್ದು) ಎದ್ದ ಕೂಡಲೇ ಸಾಲ ಮನ್ನಾ ಆಗದಂತೆಯೂ ಅಲ್ಲಿ ವ್ಯವಸ್ಥೆಯಾಯಿತು. ಅದೇ ಆವೃತ್ತಿಯ ಸ್ಕೆಡ್-ಎಕ್ಸ್ಟ್ ಎಂಬ ಸೌಲಭ್ಯದಿಂದ, ಯಂತ್ರವನ್ನು ಮತ್ತೆ ಆರಂಭಿಸದೆಯೇ ನಮ್ಮದೇ ಶೆಡ್ಯೂಲರ್ ಹಾಕಿ ನೋಡಬಹುದು. ಅದು ಎಡವಿದರೆ ಕರ್ನಲ್ ತನ್ನ ಮೂಲ ಕ್ರಮಕ್ಕೆ ಮರಳುತ್ತದೆ. ಪ್ರಯೋಗಪ್ರಿಯರು ನೀವಾದರೆ ಇದನ್ನು ಬಿಡಬೇಡಿ.

ಇನ್ನು ನಿಮ್ಮ 4 ಜಿಬಿಯ ಮಾತು. ಮೆಮೊರಿ ತುಂಬಿ ಅದರ ಪುಟಗಳು (ಸಣ್ಣ ತುಂಡುಗಳು) ಡಿಸ್ಕಿಗೂ ಮೆಮೊರಿಗೂ ಓಡಾಡತೊಡಗಿದರೆ ಎಂಥ ಶೆಡ್ಯೂಲರ್ ಇದ್ದರೂ ಅಕ್ಷರ ತಡವಾಗುತ್ತದೆ. ಸರದಿ ಬರುತ್ತದೆ, ಕೆಲಸಕ್ಕೆ ಬೇಕಾದ ಪುಟವೇ ಬಂದಿರುವುದಿಲ್ಲ. ಆದ್ದರಿಂದ ಮೊದಲು ಇದನ್ನು ಮಾಡಿ: ಅಕ್ಷರಗಳು ತಡವರಿಸುತ್ತಿರುವಾಗಲೇ ‘ಪ್ರಾಕ್’ ಕೋಶದೊಳಗಿನ ‘ಪ್ರೆಶರ್’ನಲ್ಲಿರುವ ‘ಮೆಮೊರಿ’ ಕಡತ (/proc/pressure/memory) ತೆರೆಯಿರಿ. ಮೊದಲ ಸಾಲಿನ ಮೊದಲ ಸಂಖ್ಯೆ, ಕಳೆದ 10 ಸೆಕೆಂಡುಗಳಲ್ಲಿ ಶೇಕಡಾ ಎಷ್ಟು ಹೊತ್ತು ಕೆಲಸಗಳು ಮೆಮೊರಿಗಾಗಿ ಕಾದವು ಎಂಬುದನ್ನು ಹೇಳುತ್ತದೆ. ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ ಕರ್ನಲ್ ಅನ್ನು 6.12ಕ್ಕೋ ಮುಂದಿನದಕ್ಕೋ ಏರಿಸಿ ನೋಡಿ. ಏರುತ್ತಾ ಹೋದರೆ, ಪರಿವರ್ತನೆಯ ಹೊತ್ತಿನಲ್ಲಿ ಬ್ರೌಸರ್ ಮುಚ್ಚಿಡಿ. ಯಾವುದು ಕಂಡಿತೆಂದು ನನಗೆ ಬರೆಯಿರಿ.

— ಸಂಪಾದಕ